ಘೋಷಣೆ ಎರವಲು, ತಾರೀಖು ಸ್ವಂತದ್ದು

2011ರ ಜನವರಿ 16. ಟ್ಯುನೀಷಿಯಾದ ಅಧ್ಯಕ್ಷ ಬೆನ್ ಅಲಿ ಕುಟುಂಬ ಸಮೇತ ಸೌದಿ ಅರೇಬಿಯಾಕ್ಕೆ ಓಡಿಹೋಗಿ ಎರಡು ದಿನವಾಗಿತ್ತು. ಅಲ್ಲಿ ಆದದ್ದು ಇಲ್ಲೂ ಆದೀತೇ ಎಂದು ಪತ್ರಕರ್ತರು ಈಜಿಪ್ಟಿನ ವಿದೇಶಾಂಗ ಸಚಿವ ಅಹ್ಮದ್ ಅಬುಲ್ ಘೇಟ್ ಅವರನ್ನು ಕೇಳಿದರು. ಅದೆಲ್ಲ ಪೊಳ್ಳು ಮಾತು ಎಂದು ಸಚಿವರು ತಳ್ಳಿಹಾಕಿದರು. ಒಂಬತ್ತನೇ ದಿನಕ್ಕೆ ಜನ ಕೈರೋದ ತಹ್ರೀರ್ ಚೌಕಕ್ಕೆ ನುಗ್ಗಿದರು. ಫೆಬ್ರವರಿ 11ಕ್ಕೆ ಹೋಸ್ನಿ ಮುಬಾರಕ್ ಅವರ ಮೂವತ್ತು ವರ್ಷದ ಆಳ್ವಿಕೆ ಮುಗಿಯಿತು. ಸಚಿವರಿಗೇನೂ ಹೆಚ್ಚು ನಷ್ಟವಾಗಲಿಲ್ಲ ಬಿಡಿ. 2016ರಲ್ಲಿ ಅವರು ಅರಬ್ ಲೀಗಿನ ಪ್ರಧಾನ ಕಾರ್ಯದರ್ಶಿಯಾದರು.

ಆ ಮಾತಿಗೆ ಅವರನ್ನು ಗೇಲಿ ಮಾಡಿದವರು ಬಹಳ. ಆದರೆ ಅಂದಿನವರೆಗಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ನೋಡಿದರೆ ಅವರ ಲೆಕ್ಕಾಚಾರ ಅಷ್ಟೇನೂ ತಪ್ಪಲ್ಲ. 1977ರಲ್ಲಿ ರೊಟ್ಟಿಯ ಬೆಲೆ ಏರಿಸಿದ್ದಕ್ಕೆ ಈಜಿಪ್ಟ್ ಹೊತ್ತಿ ಉರಿದಿತ್ತು, ನೆರೆಯವರು ಕದಲಲಿಲ್ಲ. 1988ರ ಅಕ್ಟೋಬರಿನಲ್ಲಿ ಅಲ್ಜೀರಿಯಾದ ಬೀದಿಗಳಲ್ಲಿ ಸೈನ್ಯ ನೂರಾರು ಯುವಕರನ್ನು ಕೊಂದಿತು. ಪಕ್ಕದ ಮೊರಾಕ್ಕೊದ ದೊರೆಗಾಗಲಿ ಲಿಬಿಯಾದ ಗಡಾಫಿಗಾಗಲಿ ಅದರ ಬಿಸಿ ತಟ್ಟಲಿಲ್ಲ. 1989ರಲ್ಲಿ ಜೋರ್ಡಾನಿನ ಮಆನ್ ಊರಿನಲ್ಲಿ ಗಲಭೆಯಾಯಿತು, ಪ್ರಧಾನಿಯ ತಲೆದಂಡವಾಯಿತು, ಅಲ್ಲಿಗೆ ಮುಗಿಯಿತು. ಬೆಲೆ ಏರಿಕೆ, ಕಲ್ಲು ತೂರಾಟ, ಗುಂಡು, ಆಮೇಲೆ ಸಬ್ಸಿಡಿ ವಾಪಸ್. ಅರಬ್ ಆಡಳಿತಗಾರರಿಗೆ ಈ ಆಟ ಬಾಯಿಪಾಠವಾಗಿತ್ತು.

ಒಂದು ಸಲ ಮಾತ್ರ ಎರಡು ದೇಶಗಳು ಒಟ್ಟಿಗೆ ಸಿಡಿದಿದ್ದವು. 1984ರ ಜನವರಿಯಲ್ಲಿ ಟ್ಯುನೀಷಿಯಾ ಮತ್ತು ಮೊರಾಕ್ಕೊ ಎರಡರಲ್ಲೂ ರೊಟ್ಟಿ ದಂಗೆ. ಅದನ್ನು ಹರಡಿದ ದಂಗೆ ಎನ್ನಬಹುದೇ? ಎರಡೂ ಸರ್ಕಾರಗಳ ಮೇಲೆ ಸಾಲ ಕೊಟ್ಟವರ ಒತ್ತಡವಿತ್ತು. ಎರಡೂ ಕಡೆ ಒಂದೇ ಬಗೆಯ ಕಡಿತ ನಡೆದಿತ್ತು. ಒಂದೇ ಮಳೆಗೆ ಎರಡು ಮನೆ ಸೋರಿದರೆ ಒಂದರಿಂದ ಇನ್ನೊಂದಕ್ಕೆ ಸೋರಿಕೆ ಅಂಟಿತು ಅಂತ ಯಾರೂ ಹೇಳುವುದಿಲ್ಲ. 2011ರ ಬಗ್ಗೆಯೂ ಈ ಅನುಮಾನವನ್ನು ಮೊದಲು ಎತ್ತಿಕೊಳ್ಳಬೇಕು. 2010ರ ಬೇಸಿಗೆಯಲ್ಲಿ ರಷ್ಯಾದಲ್ಲಿ ಬರ ಬಿದ್ದು, ಆಗಸ್ಟಿನಲ್ಲಿ ಆ ದೇಶ ಗೋಧಿ ರಫ್ತನ್ನು ನಿಲ್ಲಿಸಿತು. ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಈಜಿಪ್ಟ್ ಒಂದು. ಆ ಚಳಿಗಾಲದಲ್ಲಿ ವಿಶ್ವಸಂಸ್ಥೆಯ ಆಹಾರ ಬೆಲೆ ಸೂಚ್ಯಂಕ ದಾಖಲೆ ಮುಟ್ಟಿತು. ಹಾಗಾದರೆ ಎಲ್ಲರ ಹೊಟ್ಟೆಗೂ ಒಟ್ಟಿಗೆ ಪೆಟ್ಟು ಬಿದ್ದು, ಎಲ್ಲರೂ ಒಟ್ಟಿಗೆ ಬೀದಿಗೆ ಬಂದರೇ?

ಅರ್ಧ ನಿಜ. ಜನವರಿ ಮೊದಲ ವಾರ ಅಲ್ಜೀರಿಯಾದಲ್ಲಿ ಸಕ್ಕರೆ, ಅಡುಗೆ ಎಣ್ಣೆಯ ಬೆಲೆಗಾಗಿ ನಡೆದ ಗಲಭೆಯನ್ನು ಇದು ವಿವರಿಸುತ್ತದೆ. ಆದರೆ ಟ್ಯುನಿಸಿನಲ್ಲಿ ಎದ್ದ ಕೂಗು ಕೈರೋ, ಸನಾ, ಬೆಂಗಾಜಿ, ಮನಾಮಾಗಳಲ್ಲಿ ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಅದೇ ಲಯದಲ್ಲಿ ಕೇಳಿಸಿದ್ದೇಕೆ ಎಂಬುದಕ್ಕೆ ಗೋಧಿಯ ಬೆಲೆಯಲ್ಲಿ ಉತ್ತರವಿಲ್ಲ. ‘ಜನರಿಗೆ ಈ ಆಡಳಿತ ಉರುಳಬೇಕು’ ಎಂಬ ಆ ಘೋಷಣೆಯಲ್ಲಿ ರೊಟ್ಟಿಯ ಪ್ರಸ್ತಾಪವೇ ಇಲ್ಲ.

ಏನು ಹರಡಿತು ಎಂದು ನೋಡುವ ಮೊದಲು ಎಲ್ಲಿಗೆ ಹರಡಲಿಲ್ಲ ಎಂದು ನೋಡುವುದು ಒಳ್ಳೆಯದು. ನಕಾಶೆ ತೆಗೆದರೆ ಟ್ಯುನೀಷಿಯಾಕ್ಕೆ ಗಡಿ ಹಂಚಿಕೊಂಡ ನೆರೆಯವರು ಇಬ್ಬರೇ, ಅಲ್ಜೀರಿಯಾ ಮತ್ತು ಲಿಬಿಯಾ. ಕಿಡಿ ಇಬ್ಬರನ್ನೂ ದಾಟಿ ಮೊದಲು ಈಜಿಪ್ಟಿಗೆ ಹಾರಿತು. ಇನ್ನೊಂದು ಕಡೆ ಲಿಬಿಯಾದ ದಕ್ಷಿಣಕ್ಕೆ ಚಾಡ್, ನೈಜರ್ ಇವೆ. ಬಡತನಕ್ಕೂ ಕೊರತೆಯಿಲ್ಲ, ಚಾಡ್‌ನಲ್ಲಂತೂ ದಶಕಗಳ ಸರ್ವಾಧಿಕಾರವಿತ್ತು. ಅಲ್ಲಿ ಇಂಥ ದಂಗೆ ಏಳಲಿಲ್ಲ. ಆ ದಿಕ್ಕಿಗೆ ಹೋದದ್ದು ಗಡಾಫಿಯ ಕೋಠಿಗಳಿಂದ ಚೆಲ್ಲಿದ ಬಂದೂಕುಗಳು. ಮರುವರ್ಷ ಮಾಲಿ ದೇಶ ಅದರ ಫಲ ಉಂಡಿತು. ಅಂದರೆ ಇಲ್ಲಿ ನೆರೆಹೊರೆ ಎಂಬುದು ಗಡಿಕಲ್ಲಿನ ವಿಷಯವಲ್ಲ. ಒಂದೇ ಭಾಷೆಯ ಟಿವಿ ನೋಡುವವರು ಒಬ್ಬರಿಗೊಬ್ಬರು ನೆರೆಯವರು. 1996ರಲ್ಲಿ ಕತಾರಿನಲ್ಲಿ ಶುರುವಾದ ಅಲ್ ಜಜೀರಾ ಅಷ್ಟು ಹೊತ್ತಿಗೆ ಮೊರಾಕ್ಕೊದಿಂದ ಒಮಾನ್‌ವರೆಗೆ ಪ್ರತಿ ಹೋಟೆಲಿನ ಗೋಡೆಯ ಮೇಲಿತ್ತು.

ಅರಬ್ ಲೋಕಕ್ಕೆ ಇದು ಹೊಸದೂ ಅಲ್ಲ. 1952ರಲ್ಲಿ ನಾಸರ್ ಮತ್ತು ಸಂಗಡಿಗ ಅಧಿಕಾರಿಗಳು ಈಜಿಪ್ಟಿನ ದೊರೆಯನ್ನು ಇಳಿಸಿದರು. ಮರುವರ್ಷ ಕೈರೋದಿಂದ ‘ಅರಬರ ದನಿ’ ರೇಡಿಯೊ ಮಾತಾಡತೊಡಗಿತು. 1958ರಲ್ಲಿ ಇರಾಕಿನ ಅರಸೊತ್ತಿಗೆ, 1962ರಲ್ಲಿ ಯೆಮನ್ನಿನದು, 1969ರಲ್ಲಿ ಲಿಬಿಯಾದ್ದು ಬಿದ್ದವು. ಬೀಳಿಸಿದವರು ಎಲ್ಲೆಡೆ ಸಮವಸ್ತ್ರದವರೇ. ಗಡಾಫಿಯಂತೂ ನಾಸರ್ ಭಾಷಣಗಳನ್ನು ಕೇಳುತ್ತ ಬೆಳೆದ ಹುಡುಗ. ಆಗ ಹರಡಿದ್ದು ದಂಡನಾಯಕರ ಕ್ರಾಂತಿ. ಜನ ರೇಡಿಯೊ ಮುಂದೆ ಕೂತಿದ್ದರು. ಹಾಗೆ ಪಟ್ಟಕ್ಕೆ ಬಂದವರು, ಅವರ ವಾರಸುದಾರರು, ಮುಂದಿನ ನಲವತ್ತು ವರ್ಷ ಇನ್ನೊಬ್ಬ ದಂಡನಾಯಕ ತಲೆ ಎತ್ತದಂತೆ ನೋಡಿಕೊಂಡರು. ಬೀದಿಯ ಜನರಿಂದ ಅಪಾಯ ಬಂದೀತು ಎಂದು ಅವರಿಗೆ ಅನ್ನಿಸಿದ್ದು ಕಡಿಮೆ.

2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಎಂಬ ಒಳನಾಡಿನ ಊರಿನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬುಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡ. ಅದರ ಬೆನ್ನಿಗೇ ಜನವರಿಯಲ್ಲಿ ಅಲ್ಜೀರಿಯಾ, ಈಜಿಪ್ಟ್, ಮಾರಿಟಾನಿಯಾಗಳಲ್ಲೂ ಕೆಲವರು ಹಾಗೆಯೇ ಬೆಂಕಿ ಹಚ್ಚಿಕೊಂಡರು. ಹರಡುವಿಕೆಯ ಅತ್ಯಂತ ನೇರವಾದ, ಅತ್ಯಂತ ದಾರುಣವಾದ ರೂಪ ಇದು. ಆದರೆ ಆ ಬೆಂಕಿಗಳಿಂದ ಯಾವ ಸಿಂಹಾಸನವೂ ಅಲುಗಲಿಲ್ಲ. ಕೃತ್ಯವನ್ನು ನಕಲು ಮಾಡುವುದು ಒಬ್ಬನಿಂದ ಆಗುವ ಕೆಲಸ. ದಂಗೆಗೆ ಸಾವಿರ ಜನ ಒಂದೇ ದಿನ ಮನೆಬಿಟ್ಟು ಹೊರಡಬೇಕು, ಉಳಿದವರೂ ಹೊರಡುತ್ತಾರೆಂಬ ನಂಬಿಕೆ ಪ್ರತಿಯೊಬ್ಬನಿಗೂ ಇರಬೇಕು.

ಆ ದಿನವನ್ನು ಹೇಗೆ ಆರಿಸಿದರು ಎಂಬುದೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಕುತೂಹಲದ ಭಾಗ. ಈಜಿಪ್ಟಿನವರು ಆರಿಸಿದ್ದು ಜನವರಿ 25, ಪೊಲೀಸ್ ದಿನ. 1952ರಲ್ಲಿ ಇಸ್ಮಾಯಿಲಿಯಾ ಪಟ್ಟಣದಲ್ಲಿ ಬ್ರಿಟಿಷರ ಎದುರು ಹೋರಾಡಿ ಸತ್ತ ಪೊಲೀಸರ ನೆನಪಿನ ದಿನ ಅದು. 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಖಾಲಿದ್ ಸಯೀದ್ ಎಂಬ ಯುವಕನನ್ನು ಪೊಲೀಸರು ಹೊಡೆದು ಕೊಂದಿದ್ದರು. ಅವನ ಹೆಸರಿನಲ್ಲಿ ವಾಯಿಲ್ ಘೋನಿಮ್ ನಡೆಸುತ್ತಿದ್ದ ಫೇಸ್‌ಬುಕ್ ಪುಟಕ್ಕೆ ಲಕ್ಷಗಟ್ಟಲೆ ಜನ ಸೇರಿದ್ದರು. ಪೊಲೀಸರ ಹಬ್ಬದ ದಿನವೇ ಪೊಲೀಸರ ವಿರುದ್ಧ ಹೊರಡೋಣ ಎಂಬ ಕಿಚ್ಚು ಟ್ಯುನಿಸಿನಿಂದ ಬಂದದ್ದಲ್ಲ. ಬೆಂಗಾಜಿಯವರು ಆರಿಸಿದ್ದು ಫೆಬ್ರವರಿ 17. 2006ರಲ್ಲಿ ಅದೇ ದಿನ ಇಟಲಿಯ ಕಾನ್ಸುಲೇಟಿನ ಮುಂದೆ ಸೇರಿದ್ದ ತಮ್ಮವರನ್ನು ಗಡಾಫಿಯ ಪೊಲೀಸರು ಗುಂಡಿಕ್ಕಿ ಕೊಂದಿದ್ದರು. ಅದಕ್ಕೂ ಹಿಂದೆ, 1996ರಲ್ಲಿ, ಅಬು ಸಲೀಂ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳ ಹತ್ಯೆಯಾಗಿತ್ತು. ಆ ಕುಟುಂಬಗಳ ಪರ ನಿಂತಿದ್ದ ವಕೀಲ ಫತಿ ತೆರ್ಬಿಲ್ ಅವರ ಬಂಧನವಾದದ್ದೇ ತಡ, ಊರು ಎರಡು ದಿನ ಮೊದಲೇ ಎದ್ದಿತು. ಬಹರೇನಿನವರದು ಫೆಬ್ರವರಿ 14: ಹತ್ತು ವರ್ಷದ ಹಿಂದೆ ಅದೇ ದಿನ ನಡೆದ ಜನಮತದಲ್ಲಿ ಸಂಸದೀಯ ಆಡಳಿತದ ಆಸೆ ತೋರಿಸಿ, ಮರುವರ್ಷ ಅದೇ ತಾರೀಖಿಗೆ ದೊರೆ ತನಗೆ ಬೇಕಾದ ಸಂವಿಧಾನ ಹೊರಡಿಸಿದ್ದ.

ಅಂದರೆ ಪ್ರತಿ ದೇಶದಲ್ಲೂ ಲೆಕ್ಕ ಚುಕ್ತಾ ಮಾಡಿಕೊಳ್ಳದ ಒಂದು ಹಳೆಯ ಗಾಯ ಮೊದಲೇ ಇತ್ತು. ಟ್ಯುನೀಷಿಯಾ ಅವರಿಗೆ ದೂರನ್ನು ಕೊಡಲಿಲ್ಲ, ದೂರು ಸ್ವಂತದ್ದೇ. ಕೊಟ್ಟದ್ದು ಎರಡು ಸಂಗತಿಗಳನ್ನು. ಒಂದು, ಇಪ್ಪತ್ತಮೂರು ವರ್ಷ ಆಳಿದವನೂ ವಿಮಾನ ಹತ್ತಿ ಓಡಬಲ್ಲ ಎಂಬ ಕಣ್ಣಾರೆ ಕಂಡ ಪುರಾವೆ. ಎರಡು, ಕೆಲಸದ ಉಪಾಯಗಳು: ಅಶ್ರುವಾಯುವಿಗೆ ವಿನೆಗರ್ ಮತ್ತು ಈರುಳ್ಳಿ ಹಿಡಿದುಕೊಳ್ಳಿ ಎಂದು ಟ್ಯುನೀಷಿಯಾದ ಹುಡುಗರು ಈಜಿಪ್ಟಿನವರಿಗೆ ಫೇಸ್‌ಬುಕ್ಕಿನಲ್ಲಿ ಬರೆದು ಕಳಿಸಿದರು. ಅಂಥ ಪಾಠ ಅರಬರಿಂದಲೇ ಬರಬೇಕೆಂದೂ ಇರಲಿಲ್ಲ. ಈಜಿಪ್ಟಿನ ‘ಏಪ್ರಿಲ್ 6’ ಯುವ ಚಳವಳಿಯವರು 2009ರಲ್ಲೇ ಸರ್ಬಿಯಾಕ್ಕೆ ಹೋಗಿ, ಮಿಲೊಸೆವಿಚ್‌ನನ್ನು ಇಳಿಸಿದವರಿಂದ ಕಲಿತು ಬಂದಿದ್ದರು.

ಇನ್ನೂ ಒಂದಿದೆ, ಹೋಲಿಕೆ. ಮುಬಾರಕ್, ಗಡಾಫಿ, ಯೆಮನ್ನಿನ ಸಾಲೇ, ಸಿರಿಯಾದ ಅಸಾದ್ ಮನೆತನ: ಹೆಸರಿಗೆ ಗಣರಾಜ್ಯ, ಒಳಗೆ ಅಪ್ಪನಿಂದ ಮಗನಿಗೆ. ಸಿರಿಯಾದಲ್ಲಿ 2000ನೇ ಇಸವಿಯಲ್ಲಿ ಅಪ್ಪ ಸತ್ತಾಗ, ಅಧ್ಯಕ್ಷನಾಗಲು ನಲವತ್ತು ವರ್ಷ ತುಂಬಿರಬೇಕೆಂಬ ನಿಯಮವನ್ನು ಮಗ ಬಶರ್‌ನ ವಯಸ್ಸಿಗೆ ಸರಿಯಾಗಿ ಮೂವತ್ತನಾಲ್ಕಕ್ಕೆ ಇಳಿಸಲಾಯಿತು. ಟಿವಿಯಲ್ಲಿ ಬೆನ್ ಅಲಿಯನ್ನು ನೋಡಿದ ಈಜಿಪ್ಟಿನವನಿಗೆ ಮುಬಾರಕ್ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅರಸರ ನಾಡಿನಲ್ಲಿ ಆ ಹೋಲಿಕೆ ಅಷ್ಟು ಸಲೀಸಾಗಿ ಕೂಡಿಬರಲಿಲ್ಲ.

ಆದರೂ ದಂಗೆ ಹೊತ್ತುವುದು ಬೇರೆ, ಗೆಲ್ಲುವುದು ಬೇರೆ. ಈಜಿಪ್ಟಿನ ಸೈನ್ಯಕ್ಕೆ ತನ್ನದೇ ಕಾರ್ಖಾನೆ, ಜಮೀನು, ವ್ಯಾಪಾರಗಳಿದ್ದವು. ಮುಬಾರಕ್‌ನನ್ನು ಬಿಟ್ಟುಕೊಟ್ಟು ಅವನ್ನು ಉಳಿಸಿಕೊಳ್ಳುವುದು ಅದಕ್ಕೆ ಲಾಭ. ಲಿಬಿಯಾದಲ್ಲಿ ನಿಜವಾದ ಸೈನ್ಯವೆಂದರೆ ಗಡಾಫಿಯ ಮಕ್ಕಳ ಕೈಯಲ್ಲಿದ್ದ ದಳಗಳು. ಸಿರಿಯಾದಲ್ಲಿ ಸೇನೆಯ ಆಯಕಟ್ಟಿನ ಜಾಗಗಳಲ್ಲಿ ಇದ್ದವರು ಅಧ್ಯಕ್ಷನ ಅಲಾವಿ ಪಂಗಡದವರು, ಬಂಧುಗಳು; ದೊರೆ ಬಿದ್ದರೆ ತಾವೂ ಉಳಿಯುವುದಿಲ್ಲ ಎಂದು ನಂಬಿದವರು. ಯೆಮನ್ನಿನಲ್ಲಿ ಸೈನ್ಯವೇ ಎರಡಾಗಿ ಒಡೆಯಿತು. ಈ ಸಂಬಂಧಗಳು ಯಾವ ಚಾನೆಲಿನಿಂದಲೂ ಹರಡುವಂಥವಲ್ಲ.

ಬಹರೇನಿನ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ರಾಜಧಾನಿ ಮನಾಮಾದಲ್ಲಿ ಒಂದು ವೃತ್ತವಿತ್ತು. ಅದರ ನಡುವೆ ಹಾಯಿದೋಣಿಗಳ ಆರು ಪಟಗಳನ್ನು ಹೋಲುವ ಎತ್ತರದ ಕಮಾನುಗಳು, ಅವು ಮೇಲೆತ್ತಿ ಹಿಡಿದ ಒಂದು ಮುತ್ತು. ಆರು ಪಟಗಳೆಂದರೆ ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳು. 1982ರಲ್ಲಿ ಆ ಮಂಡಳಿಯ ಶೃಂಗಸಭೆಗೆಂದೇ ಕಟ್ಟಿಸಿದ್ದು. ಪ್ರತಿಭಟನಕಾರರು ಬಿಡಾರ ಹೂಡಿದ್ದು ಅದರ ಬುಡದಲ್ಲಿ. ಮಾರ್ಚ್ 14ರಂದು ಸೌದಿಯ ಸುಮಾರು ಸಾವಿರ ಸೈನಿಕರು, ಯುಎಇಯ ಐನೂರರಷ್ಟು ಪೊಲೀಸರು ಸಮುದ್ರದ ಮೇಲಿನ ಇಪ್ಪತ್ತೈದು ಕಿಲೋಮೀಟರ್ ಸೇತುವೆ ದಾಟಿ ಬಂದರು. ಅದೇ ಮಂಡಳಿಯ ಹೆಸರಿನಲ್ಲೇ ಬಂದರು. ನಾಲ್ಕು ದಿನದಲ್ಲಿ ಬಹರೇನ್ ಸರ್ಕಾರ ಸ್ಮಾರಕವನ್ನೇ ನೆಲಸಮ ಮಾಡಿತು. ಉರುಳಿಸುವಾಗ ಕಮಾನೊಂದು ಬಿದ್ದು ಕ್ರೇನ್ ನಡೆಸುತ್ತಿದ್ದ ವಲಸೆ ಕಾರ್ಮಿಕ ಸತ್ತ. ವೃತ್ತದ ಜಾಗಕ್ಕೆ ಸಿಗ್ನಲ್ ಬಂತು, ಹೆಸರು ಬದಲಾಯಿತು. ಆ ಸ್ಮಾರಕದ ಚಿತ್ರವಿದ್ದ ಐನೂರು ಫಿಲ್ಸ್ ನಾಣ್ಯ ಚಲಾವಣೆಯಿಂದ ಮರೆಯಾಯಿತು.

ದಂಗೆ ಅಕ್ಕಪಕ್ಕಕ್ಕೆ ಹರಡುತ್ತದೆ ಎಂದು ಯಾರಿಗೆ ಎಲ್ಲರಿಗಿಂತ ಗಟ್ಟಿಯಾದ ನಂಬಿಕೆಯಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ. ಅದು ಸೌದಿ ದೊರೆಗಳಿಗಿತ್ತು. ಸೇತುವೆಯ ಆಚೆ ತುದಿಯಲ್ಲಿ ಅವರ ಎಣ್ಣೆ ಬಾವಿಗಳ ಪ್ರಾಂತ್ಯವಿದೆ, ಶಿಯಾ ಜನ ನೆಲೆಸಿರುವ ಕತೀಫ್ ಇದೆ. ವಿದ್ವಾಂಸರು ಆಮೇಲೆ ಲೇಖನ ಬರೆದರು; ಇವರು ಆವತ್ತೇ ಸೈನ್ಯ ಕಳಿಸಿದರು. ಜೊತೆಗೆ ಹಣ. ಸೌದಿ ದೊರೆ ಅಬ್ದುಲ್ಲಾ ಫೆಬ್ರವರಿ, ಮಾರ್ಚ್ ಎರಡೇ ತಿಂಗಳಲ್ಲಿ ಮನೆ, ಸಂಬಳ, ನಿರುದ್ಯೋಗ ಭತ್ಯೆ ಎಂದು ಘೋಷಿಸಿದ ಮೊತ್ತ ಸುಮಾರು 13,000 ಕೋಟಿ ಡಾಲರ್. ಕುವೈತಿನ ಅಮೀರ ಪ್ರತಿ ಪ್ರಜೆಗೂ ಸಾವಿರ ದಿನಾರ್, ಹದಿನಾಲ್ಕು ತಿಂಗಳ ಪುಕ್ಕಟೆ ದಿನಸಿ ಕೊಟ್ಟರು. (ಪ್ರಜೆಗಳಿಗೆ ಮಾತ್ರ, ಅಲ್ಲಿ ದುಡಿಯುವ ನಮ್ಮ ಮಂಗಳೂರು, ಉಡುಪಿ, ಭಟ್ಕಳದವರು ಆ ಲೆಕ್ಕದಲ್ಲಿಲ್ಲ.) ಎಣ್ಣೆಯಿಲ್ಲದ ಅರಸರು ಬೇರೆ ದಾರಿ ಹಿಡಿದರು. ಜೋರ್ಡಾನಿನ ದೊರೆ ಪ್ರಧಾನಿಯನ್ನು ಮನೆಗೆ ಕಳಿಸಿದ, ಮೊರಾಕ್ಕೊದ ದೊರೆ ಜುಲೈ ಹೊತ್ತಿಗೆ ಹೊಸ ಸಂವಿಧಾನಕ್ಕೆ ಜನಮತ ನಡೆಸಿಬಿಟ್ಟ. ಒಬ್ಬ ಅರಬ್ ಅರಸನೂ ಕಿರೀಟ ಕಳೆದುಕೊಳ್ಳಲಿಲ್ಲ.

ಆಳುವವರೂ ಪರಸ್ಪರರನ್ನು ನೋಡಿ ಕಲಿಯುತ್ತಾರೆ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಅರಬ್ ಗೃಹಮಂತ್ರಿಗಳಿಗೆ ಒಂದು ಕಾಯಂ ಮಂಡಳಿಯೇ ಇದೆ. ಅದರ ಕೇಂದ್ರ ಕಚೇರಿ ಇರುವುದು, ತಮಾಷೆ ನೋಡಿ, ಟ್ಯುನಿಸಿನಲ್ಲಿ. ಬಶರ್ ಅಲ್ ಅಸಾದ್ 2011ರ ಜನವರಿ ಕೊನೆಯಲ್ಲಿ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ಗೆ ಸಂದರ್ಶನ ಕೊಟ್ಟು, ನಾವು ಜನರ ನಂಬಿಕೆಗೆ ಹತ್ತಿರವಾಗಿದ್ದೇವೆ, ಹಾಗಾಗಿ ಸಿರಿಯಾ ಸ್ಥಿರವಾಗಿದೆ ಎಂದ. ಕೆಲವೇ ವಾರಗಳಲ್ಲಿ ಜೋರ್ಡಾನ್ ಗಡಿಯ ದರಾ ಊರಿನಲ್ಲಿ ಶಾಲೆಯ ಹುಡುಗರು ಗೋಡೆಯ ಮೇಲೆ ಬರೆದರು: ‘ಡಾಕ್ಟರೇ, ಇನ್ನು ನಿಮ್ಮ ಸರದಿ.’ ಬಶರ್ ಕಣ್ಣಿನ ವೈದ್ಯ ಓದಿದವನು. ಹುಡುಗರು ಟಿವಿಯಲ್ಲಿ ಕಂಡದ್ದನ್ನೇ ಬರೆದಿದ್ದರು. ಪೊಲೀಸರು ಅವರನ್ನು ಎಳೆದೊಯ್ದು ಚಿತ್ರಹಿಂಸೆ ಕೊಟ್ಟರು. ಬಿಡಿಸಿಕೊಳ್ಳಲು ಹೋದ ಹಿರಿಯರಿಗೆ ಅವಮಾನವಾಯಿತು. ಮಾರ್ಚ್ 18ರ ಶುಕ್ರವಾರ ನಮಾಜು ಮುಗಿಸಿ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿತು. ಗೋಡೆಬರಹ ಹೊರಗಿನಿಂದ ಬಂದದ್ದು. ಊರು ಎದ್ದದ್ದು ತನ್ನ ಮಕ್ಕಳಿಗಾಗಿ.

ಬೆನ್ ಅಲಿ, ಮುಬಾರಕ್ ಇಬ್ಬರೂ ಕೊನೆಗಳಿಗೆಯಲ್ಲಿ ರಿಯಾಯಿತಿ ಘೋಷಿಸಿ ಸೋತಿದ್ದರು. ಅಸಾದ್ ಅದನ್ನು ನೋಡಿದ್ದ. ಬಗ್ಗದೆ, ಕೊಲ್ಲುತ್ತಲೇ ಹೋದರೆ ಉಳಿಯಬಹುದು ಎಂಬ ತೀರ್ಮಾನಕ್ಕೆ ಅವನು ಬಂದದ್ದರಲ್ಲಿ ಆ ಪಾಠಕ್ಕೂ ಪಾಲಿದೆ ಎಂದು ನನ್ನ ಅಂದಾಜು. ರಷ್ಯಾ, ಇರಾನ್ ಬೆನ್ನಿಗೆ ನಿಂತವು, ಐದು ಲಕ್ಷದಷ್ಟು ಜನ ಸತ್ತರು, ಅವನು ಹದಿಮೂರು ವರ್ಷ ಉಳಿದ. ಆ ಹೊತ್ತಿಗೆ ಸಿರಿಯಾದಿಂದ ಹೊರಗೆ ಹರಡುತ್ತಿದ್ದದ್ದು ಬೇರೆಯೇ: ಬೀದಿಗೆ ಇಳಿದರೆ ನಿಮಗೂ ಇದೇ ಗತಿ ಎಂಬ ಹೆದರಿಕೆ.

ಈ ಹೆದರಿಕೆಯ ಬಲ ಎಷ್ಟೆಂದು ಅಲ್ಜೀರಿಯಾದಲ್ಲಿ ಪರೀಕ್ಷೆಯಾಯಿತು. ಆ ದೇಶ 2011ರಲ್ಲಿ ಸುಮ್ಮನಾಗಿದ್ದಕ್ಕೆ ಮುಖ್ಯ ಕಾರಣ 1990ರ ದಶಕ. ಚುನಾವಣೆಯನ್ನು ಸೈನ್ಯ ರದ್ದುಮಾಡಿದ ಮೇಲೆ ನಡೆದ ಅಂತರ್ಯುದ್ಧದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು; ಮನೆಮನೆಯಲ್ಲೂ ಆ ನೆನಪಿತ್ತು. ಸರ್ಕಾರ ಸಕ್ಕರೆ, ಎಣ್ಣೆಯ ತೆರಿಗೆ ಇಳಿಸಿ, ಹತ್ತೊಂಬತ್ತು ವರ್ಷದ ತುರ್ತು ಪರಿಸ್ಥಿತಿ ಹಿಂತೆಗೆದು ಗಂಡಾಂತರ ದಾಟಿತು. 2019ರ ಫೆಬ್ರವರಿಯಲ್ಲಿ, ಪಾರ್ಶ್ವವಾಯು ಬಡಿದು ವರ್ಷಗಳಾಗಿದ್ದ ಅಧ್ಯಕ್ಷ ಬೂತೆಫ್ಲಿಕಾ ಐದನೇ ಬಾರಿ ನಿಲ್ಲುತ್ತಾರೆ ಎಂದಾಗ ಜನ ಎದ್ದರು. ಸಿರಿಯಾದಲ್ಲೂ ಶುರುವಾಗಿದ್ದು ಗುಲಾಬಿ ಹೂವಿನಿಂದಲೇ, ಮುಗಿದದ್ದು ರಕ್ತದಲ್ಲಿ ಎಂದು ಪ್ರಧಾನಿ ಅಹ್ಮದ್ ಉಯಾಹಿಯಾ ಸಂಸತ್ತಿನಲ್ಲಿ ಎಚ್ಚರಿಸಿದರು. ಅಲ್ಜೀರಿಯಾ ಸಿರಿಯಾ ಅಲ್ಲ ಎಂದು ಬೀದಿಯಲ್ಲಿ ಉತ್ತರ ಬಂತು. ಏಪ್ರಿಲ್ 2ಕ್ಕೆ ಬೂತೆಫ್ಲಿಕಾ ರಾಜೀನಾಮೆ. ಟ್ಯುನೀಷಿಯಾದ ಪಕ್ಕದ ಮನೆಗೆ ಸುದ್ದಿ ಮುಟ್ಟಲು ಎಂಟು ವರ್ಷ ಹಿಡಿಯಿತು ಎನ್ನಬೇಕೇ, ಅಥವಾ ಇದು ಬೇರೆಯೇ ಕಥೆ ಎನ್ನಬೇಕೇ? ನಾನು ಎರಡನೆಯದರ ಕಡೆಗೆ ಹೆಚ್ಚು ವಾಲುತ್ತೇನೆ.

ನಾಲ್ಕು ದಿನದ ಬಳಿಕ, ಏಪ್ರಿಲ್ 6ರಂದು, ಸುಡಾನಿನ ಜನ ಖಾರ್ತೂಮಿನ ಸೇನಾ ಕೇಂದ್ರದ ಮುಂದೆ ಧರಣಿ ಕೂತರು. ಅಲ್ಜೀರಿಯಾದ ಸುದ್ದಿ ಅವರಿಗೆ ಹುಮ್ಮಸ್ಸು ಕೊಟ್ಟಿತೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ತಾರೀಖು ಅಲ್ಜೀರಿಯಾದ್ದಲ್ಲ. 1985ರ ಏಪ್ರಿಲ್ 6ರಂದು ಸುಡಾನಿನವರೇ ದಂಗೆಯೆದ್ದು ಸರ್ವಾಧಿಕಾರಿ ನಿಮೇರಿಯನ್ನು ಇಳಿಸಿದ್ದರು. ಹನ್ನೊಂದಕ್ಕೆ ಒಮರ್ ಅಲ್ ಬಶೀರ್‌ನ ಮೂವತ್ತು ವರ್ಷ ಮುಗಿದರೂ ಜನ ಕದಲಲಿಲ್ಲ. ‘ಗೆಲುವು, ಇಲ್ಲವೇ ಈಜಿಪ್ಟ್’ ಎಂದು ಕೂಗಿದರು. ಮುಬಾರಕ್ ಹೋದ ಖುಷಿಯಲ್ಲಿ ಚೌಕ ಖಾಲಿ ಮಾಡಿದವರಿಗೆ ಎರಡೂವರೆ ವರ್ಷದಲ್ಲಿ, ಅಧಿಕಾರ ಕಿತ್ತುಕೊಂಡ ಜನರಲ್ ಸಿಸಿ ಸಿಕ್ಕಿದ್ದನ್ನು ಅವರು ನೋಡಿದ್ದರು. ನೆರೆಯ ಸೋಲನ್ನು ಇಷ್ಟು ಚುಟುಕಾಗಿ ಘೋಷಣೆ ಮಾಡಿಕೊಂಡವರು ಅಪರೂಪ. ಪಾಠ ಸರಿಯಾಗಿಯೇ ಕಲಿತಿದ್ದರು, ಕೈಯಲ್ಲಿ ಬಂದೂಕು ಮಾತ್ರ ಇರಲಿಲ್ಲ. ಜೂನ್ 3ರಂದು ಧರಣಿಯ ಮೇಲೆ ಎರಗಿದ ಪಡೆಗಳು ನೂರಕ್ಕೂ ಹೆಚ್ಚು ಜನರನ್ನು ಕೊಂದವು. 2021ರಲ್ಲಿ ಸೇನಾ ದಂಗೆ, 2023ರ ಏಪ್ರಿಲ್‌ನಲ್ಲಿ ಇಬ್ಬರು ಜನರಲ್‌ಗಳ ನಡುವೆಯೇ ಯುದ್ಧ. ಗಿಡಮೂಲಿಕೆ ಔಷಧಿ, ತಲೆಗೂದಲ ಎಣ್ಣೆ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಗುಂಡಿನ ಸದ್ದಿನ ನಡುವೆ ಸಿಕ್ಕಿಕೊಂಡದ್ದು, ‘ಆಪರೇಷನ್ ಕಾವೇರಿ’ಯಲ್ಲಿ ವಾಪಸಾದದ್ದು ಆಗಲೇ.

ಟ್ಯುನೀಷಿಯಾದ ಪ್ರಜಾಪ್ರಭುತ್ವವೂ ಬಹುಕಾಲ ಉಳಿಯಲಿಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟರು. 2024ರಲ್ಲಿ ಶೇ 90ಕ್ಕೂ ಹೆಚ್ಚು ಮತ ಪಡೆದು ಮರುಆಯ್ಕೆಯಾದರು. ಬೆನ್ ಅಲಿಯ ಕಾಲದ ಅಂಕಿಗಳು ಹಾಗೆಯೇ ಇರುತ್ತಿದ್ದವು.

ಅಸಾದ್ ಓಡಿಹೋದದ್ದು 2024ರ ಡಿಸೆಂಬರ್ 8ರಂದು. ಈ ಬಾರಿ ಅವನನ್ನು ಇಳಿಸಿದ್ದು ಮೆರವಣಿಗೆಯಲ್ಲ, ಇದ್ಲಿಬ್ ಕಡೆಯಿಂದ ಹನ್ನೆರಡು ದಿನದಲ್ಲಿ ಡಮಾಸ್ಕಸ್ ತಲುಪಿದ ಬಂಡುಕೋರ ಪಡೆ. ಅದರ ಸಾಲಿನಲ್ಲಿ ಹೋರಾಡಿದ್ದ ಒಬ್ಬ ಈಜಿಪ್ಟಿನವನು ಕೆಲವೇ ವಾರಗಳಲ್ಲಿ ತನ್ನ ದೇಶದವರೂ ಸಿಸಿಯ ವಿರುದ್ಧ ಏಳಬೇಕೆಂದು ಅಲ್ಲಿಂದಲೇ ವಿಡಿಯೊ ಹಾಕಿದ. ಆಗ ಈಜಿಪ್ಟಿನ ಜಾಲತಾಣಗಳಲ್ಲಿ ಓಡಾಡಿದ ಘೋಷಣೆಯ ಧಾಟಿ ದರಾದ ಹುಡುಗರದ್ದೇ, ‘ಇನ್ನು ನಿನ್ನ ಸರದಿ’. ಕೈರೋದಲ್ಲಿ ಯಾರೂ ಬೀದಿಗೆ ಬರಲಿಲ್ಲ. ವಿಡಿಯೊ ಹಾಕಿದವನನ್ನು 2025ರ ಜನವರಿಯಲ್ಲಿ ಹಿಡಿದು ಒಳಗೆ ಹಾಕಿದ್ದು ಡಮಾಸ್ಕಸ್ಸಿನ ಹೊಸ ಸರ್ಕಾರ. ನೆರೆಯ ದೇಶಗಳ ಸ್ನೇಹ ಅದಕ್ಕೆ ತುರ್ತಾಗಿ ಬೇಕಿತ್ತು.